ನೆರೆಯವಳ ಎದೆಹಾಲು: ಅಪಾಯ ಯಾರಿಗೆ, ಹೊಣೆ ಯಾರದು?

ತಾಯಿಗೆ ಹಾಲಿಲ್ಲದ ಹಸುಗೂಸಿಗೆ ಇನ್ನೊಬ್ಬ ಬಾಣಂತಿಯ ಹಾಲು ಕುಡಿಸುವುದು ನಮ್ಮ ನಾಡಿನಲ್ಲಿ ಹಳೆಯ ಪದ್ಧತಿ. ಈಗ ಅದು ಹೊಸ ರೂಪ ತಾಳಿದೆ. ಹಿಂದೆ ಪಕ್ಕದ ಮನೆಯ ಬಾಣಂತಿಯನ್ನು ಕರೆಯುತ್ತಿದ್ದರು. ಇಂದು ಮೊಬೈಲಿನ ಗುಂಪಿನಲ್ಲಿ ಕೇಳಿಕೆ ಹೋಗುತ್ತದೆ. ಹೆಸರನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಹೆಂಗಸು ಹಿಂಡಿ ಕೊಟ್ಟ ಹಾಲು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬೈಕಿನಲ್ಲೋ ಬಸ್ಸಿನಲ್ಲೋ ಬಂದು ಮುಟ್ಟುತ್ತದೆ. ಇದನ್ನು ಕೆಲವರು ಅಮೃತದಾನವೆಂದು ಹಾಡಿ ಹೊಗಳುತ್ತಾರೆ. ಕೆಲವು ವೈದ್ಯರು "ಕೂಡದು" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೊಗಳಿಕೆಯಿಂದಾಗಲಿ ನಿಷೇಧದಿಂದಾಗಲಿ ಕೂಸಿನ ಹೊಟ್ಟೆ ತುಂಬುವುದಿಲ್ಲ. ಈ ಹಾಲಿನಲ್ಲಿರುವ ಅಪಾಯವೇನು, ಆ ಅಪಾಯದ ಹೊಣೆ ಯಾರು ಹೊರಬೇಕು ಎಂಬುದನ್ನು ಜನತೆ ಸಂಕೋಚ ಬಿಟ್ಟು ಚರ್ಚಿಸಬೇಕಾದ ಕಾಲ ಬಂದಿದೆ.

ಮೊದಲು ಅಗತ್ಯದ ಮಾತು. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು. ಜಗತ್ತಿನ ಬೇರಾವ ದೇಶದಲ್ಲಿಯೂ ಅಷ್ಟು ಮಕ್ಕಳು ಹಾಗೆ ಹುಟ್ಟಲಿಲ್ಲ. ಇಂಥ ಕೂಸಿನ ಕರುಳು ಇನ್ನೂ ಬಲಿತಿರುವುದಿಲ್ಲ. ಡಬ್ಬಿಯ ಪುಡಿಹಾಲು ಕುಡಿದ ಇಂಥ ಕೂಸುಗಳಲ್ಲಿ ಕರುಳು ಕೊಳೆಯುವ ಮಾರಕ ರೋಗ ಹೆಚ್ಚು. ಸಂಸ್ಕರಿಸಿದ ಮನುಷ್ಯಹಾಲು ಕುಡಿದವುಗಳಲ್ಲಿ ಕಡಿಮೆ. ವೈದ್ಯಶಾಸ್ತ್ರ ಅನೇಕ ಪ್ರಯೋಗಗಳ ಮೂಲಕ ಇದನ್ನು ಕಂಡುಕೊಂಡಿದೆ. ಹೆತ್ತ ತಾಯಿಯ ಹಾಲು ಸಿಗದಾಗ ಆರೋಗ್ಯವಂತ ದಾದಿಯ ಹಾಲು ಅಥವಾ ಹಾಲಿನ ಬ್ಯಾಂಕಿನ ಹಾಲನ್ನೂ ಪುಡಿಹಾಲನ್ನೂ ಪರ್ಯಾಯಗಳಾಗಿ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ಹೇಳಿದೆ. ಯಾವುದು ತಕ್ಕದ್ದೆಂಬುದು ಆಯಾ ಕೂಸಿನ ಪರಿಸ್ಥಿತಿಯನ್ನು ನೋಡಿ ತೀರ್ಮಾನವಾಗಬೇಕು. ಆದ್ದರಿಂದ ನೆರೆಯವಳ ಹಾಲಿಗಾಗಿ ಅಲೆಯುವ ಅಜ್ಜಿಯನ್ನು ಮೂಢಳೆಂದು ಹಳಿಯುವವರಿಗೆ ವಿಷಯವೇ ಗೊತ್ತಿಲ್ಲ. ಆಕೆ ಬೇಡುತ್ತಿರುವ ವಸ್ತು ಸರಿಯಾದದ್ದೇ. ಅದು ಸಿಗುವ ದಾರಿಯಲ್ಲಿ ತೊಡಕಿದೆ.

ಈಗ ಅಪಾಯದ ಮಾತು. ಎಚ್.ಐ.ವಿ. ಸೋಂಕು ಎದೆಹಾಲಿನ ಮೂಲಕ ದಾಟಬಲ್ಲುದು. ಸೈಟೊಮೆಗಾಲೊ ಎಂಬ ವೈರಸ್ಸು ದೊಡ್ಡವರಲ್ಲಿ ಸದ್ದಿಲ್ಲದೆ ಇರುತ್ತದೆ. ದಿನ ತುಂಬದ ಕೂಸಿಗೆ ಅದೇ ಕಂಟಕವಾಗಬಹುದು. ತಾಯಿ ನುಂಗುವ ಕೆಲವು ಔಷಧಗಳು, ಅಗಿಯುವ ಹೊಗೆಸೊಪ್ಪಿನ ಸತ್ವ, ಮದ್ಯ ಇವು ಹಾಲಿಗೆ ಇಳಿಯುತ್ತವೆ. ಇದು ಮೈಯೊಳಗಿನಿಂದ ಬರುವ ಅಪಾಯ. ಹೊರಗಿನಿಂದ ಬರುವುದು ಬೇರೆ: ತೊಳೆಯದ ಕೈ, ಕುದಿಸದ ಶೀಸೆ, ಬಿಸಿಲಿನಲ್ಲಿ ಕಳೆದ ಹೊತ್ತು. ಹಿಂಡಿದ ಹಾಲು 25 ಡಿಗ್ರಿ ಉಷ್ಣತೆಯಲ್ಲಿ ನಾಲ್ಕು ಗಂಟೆ ಕೆಡದೆ ಇರಬಹುದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ರಾಯಚೂರು, ಬಳ್ಳಾರಿ, ಕಲಬುರಗಿಗಳ ಬೇಸಗೆ 40 ಡಿಗ್ರಿ ಮುಟ್ಟುವಾಗ ಆ ಲೆಕ್ಕ ನಿಲ್ಲುವುದಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಫ್ರಿಜ್ಜಿನ ಮೇಲಿಟ್ಟ ನಂಬಿಕೆಯೂ ಅಷ್ಟಕ್ಕಷ್ಟೆ.

ಇದು ಬರಿಯ ಹೆದರಿಕೆಯಲ್ಲ. ಅಮೆರಿಕದ ಸಂಶೋಧಕರು ಅಂತರ್ಜಾಲದ ಮೂಲಕ ಮಾರಾಟಕ್ಕಿದ್ದ ಎದೆಹಾಲಿನ 101 ಮಾದರಿಗಳನ್ನು ಕೊಂಡು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 74ರಲ್ಲಿ ರೋಗಾಣುಗಳು ಮಿತಿಮೀರಿ ಬೆಳೆದಿದ್ದವು, ಇಲ್ಲವೆ ಇರಬಾರದ ಜಾತಿಯ ರೋಗಾಣುಗಳಿದ್ದವು. ನೂರಕ್ಕೆ 21ರಲ್ಲಿ ಮೇಲೆ ಹೇಳಿದ ಸೈಟೊಮೆಗಾಲೊ ವೈರಸ್ಸಿನ ಕುರುಹು ಸಿಕ್ಕಿತು. ಅದೇ ತಂಡ 2015ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯ ಪ್ರಕಾರ 102 ಮಾದರಿಗಳ ಪೈಕಿ 10ರಲ್ಲಿ ಹಸುವಿನ ಹಾಲನ್ನು ಬೆರೆಸಲಾಗಿತ್ತು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆಯನ್ನು ಪ್ರಯೋಗಶಾಲೆಯೇ ಸಾಧಿಸಿ ತೋರಿಸಿತು. ಆ ಹಾಲು ದಾನದ್ದಾಗಿರಲಿಲ್ಲ, ಮಾರಾಟದ್ದು ಎಂಬುದನ್ನು ಓದುಗರು ಗಮನಿಸಬೇಕು. ಔನ್ಸಿಗಿಷ್ಟು ಎಂದು ಬೆಲೆ ಕಟ್ಟಿದೊಡನೆ ಕಲಬೆರಕೆ ಹಿಂದೆಯೇ ಬರುತ್ತದೆ. ಹಾಲು ಯಾವುದಾದರೂ ವ್ಯಾಪಾರದ ನೀತಿ ಒಂದೇ.

"ಹಿಂದೆ ನಮ್ಮ ಅಜ್ಜಿಯರು ಕುಡಿಸುತ್ತಿರಲಿಲ್ಲವೆ? ಆಗ ಯಾರು ಸತ್ತರು?" ಎಂದು ಕೇಳುವವರುಂಟು. ಆಗ ಸತ್ತ ಕೂಸುಗಳನ್ನು ಯಾರೂ ಎಣಿಸಲಿಲ್ಲ. ತೊಟ್ಟಿಲು ಬರಿದಾದರೆ ಹಣೆಬರಹವೆಂದು ಸುಮ್ಮನಾಗುತ್ತಿದ್ದರು. ಅದೂ ಅಲ್ಲದೆ ಆಗ ಕುಡಿಸುತ್ತಿದ್ದವಳು ಒಂದೇ ಓಣಿಯವಳು. ಅವಳ ಕೆಮ್ಮು, ಜ್ವರ, ಚಟ ಎಲ್ಲವೂ ಓಣಿಗೆ ತಿಳಿದಿರುತ್ತಿತ್ತು. ಹಾಲು ಎದೆಯಿಂದ ನೇರವಾಗಿ ಬಾಯಿಗೆ ಹೋಗುತ್ತಿತ್ತು. ಶೀಸೆ, ಚೀಲ, ಪ್ರಯಾಣಗಳ ಗೊಡವೆ ಇರಲಿಲ್ಲ. ಇಂದು ಹಾಲು ಊರಿಂದೂರಿಗೆ ಹೋಗುತ್ತಿದೆ. ಆ ಹಳೆಯ ಪರಿಚಯ ಮಾತ್ರ ಜೊತೆಗೆ ಹೋಗುತ್ತಿಲ್ಲ.

ಪುರಾಣದ ಪೂತನಿ ವಿಷವನ್ನು ತಿಳಿದೇ ತಂದಳು. ಇಲ್ಲಿಯ ಕಷ್ಟವೆಂದರೆ ಒಳ್ಳೆಯ ಹೆಣ್ಣುಮಗಳೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ತನಗೆ ಗೊತ್ತಿಲ್ಲದ ರೋಗವನ್ನು ಕೊಟ್ಟುಬಿಡಬಹುದು. ಒಳ್ಳೆಯ ಮನಸ್ಸು ರೋಗಾಣುವನ್ನು ಕೊಲ್ಲುವುದಿಲ್ಲ. ಪರೀಕ್ಷೆ ಬೇಕು. ಆದರೆ ನಮ್ಮ ಸಮಾಜದ ಸ್ಥಿತಿ ನೋಡಿ: "ಯಾವ ಜನ?" ಎಂದು ಜಾತಿ ಕೇಳಲು ನಾಚದ ಬಾಯಿ "ರಕ್ತಪರೀಕ್ಷೆ ಆಗಿದೆಯೆ?" ಎಂದು ಕೇಳಲು ನಾಚುತ್ತದೆ. ಕೇಳಬಾರದ್ದನ್ನು ಗಟ್ಟಿಯಾಗಿ ಕೇಳುತ್ತೇವೆ. ಕೇಳಬೇಕಾದ್ದನ್ನು ಅವಮಾನವೆಂದು ನುಂಗುತ್ತೇವೆ. ರೋಗಾಣು ಜಾತಿ ನೋಡಿ ಬರುವುದಿಲ್ಲ.

ಇನ್ನೊಂದು ಅಪಾಯವಿದೆ. ವೈದ್ಯರ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಸಮಾಜವಾದಿಗಳಾದ ನಾವೇ ಎತ್ತಿ ಹೇಳಬೇಕು. ಹಾಲು ಕೊಡುವವಳ ಸ್ವಂತ ಕೂಸಿನ ಗತಿಯೇನು? ಹಾಲೂಡಿಸುವ ದಾದಿಯರ ಚರಿತ್ರೆಯೇ ಈ ಪ್ರಶ್ನೆಗೆ ಉತ್ತರ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಹಳ್ಳಿಯ ಬಡ ಹೆಂಗಸರು ತಮ್ಮ ಕೂಸನ್ನು ಮನೆಯಲ್ಲಿ ಬಿಟ್ಟು ಪ್ಯಾರಿಸ್ಸಿನ ಸಿರಿವಂತರ ಮನೆಗಳಿಗೆ ಹಾಲೂಡಿಸಲು ಹೋಗುತ್ತಿದ್ದರು. ಕೂಲಿಗೆ ಪರರ ಮನೆಯಲ್ಲಿ ಬೆಳೆಯಲು ಬಿಟ್ಟ ಕೂಸುಗಳ ಸಾವು ಎಷ್ಟು ಹೆಚ್ಚಿತೆಂದರೆ, 1874ರಲ್ಲಿ ರೂಸೆಲ್ ಕಾಯಿದೆ ತಂದು ಅವುಗಳ ಮೇಲ್ವಿಚಾರಣೆಯನ್ನು ಸರಕಾರವೇ ವಹಿಸಬೇಕಾಯಿತು. ನಮ್ಮ ಇತಿಹಾಸ ಹಾಡಿ ಹೊಗಳುವ ಮೇವಾಡದ ಪನ್ನಾ ದಾಯಿಯೂ ಹಾಲೂಡಿಸಿದ ದಾದಿಯೇ. ಒಡೆಯನ ಮಗನನ್ನು ಉಳಿಸಲು ತನ್ನ ಮಗನನ್ನೇ ಬಲಿ ಕೊಟ್ಟಳು. ಅವಳ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ. ಅಂಥ ತ್ಯಾಗವನ್ನು ಬೇಡುವ ವ್ಯವಸ್ಥೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಇಂದೂ ಸಾಲದಲ್ಲಿರುವ ಕೂಲಿಯವಳನ್ನು ಧಣಿಯ ಮನೆಯಿಂದ "ಸ್ವಲ್ಪ ಹಾಲು ಕೊಟ್ಟು ಹೋಗು" ಎಂದು ಕರೆದರೆ ಅದು ದಾನವಾಗುತ್ತದೆಯೆ? ಇಲ್ಲವೆನ್ನುವ ಸ್ವಾತಂತ್ರ್ಯ ಕೊಡುವವಳಿಗೆ ಇದ್ದಾಗ ಮಾತ್ರ ಅದು ದಾನ. ಆ ಸ್ವಾತಂತ್ರ್ಯವಿಲ್ಲದಿದ್ದರೆ ಅದು ಬಿಟ್ಟಿ. ಹೆಸರು ಮಾತ್ರ ಬೇರೆ.

ಬಂಡವಾಳಕ್ಕೆ ಈ ಹಾಲಿನ ವಾಸನೆ ಬಡಿದು ಬಹಳ ದಿನವಾಯಿತು. ಅಮೆರಿಕದ ಒಂದು ಕಂಪೆನಿ ಕಾಂಬೋಡಿಯದ ಬಡ ತಾಯಂದಿರಿಂದ ಹಾಲು ಕೊಂಡು ತನ್ನ ದೇಶಕ್ಕೆ ಸಾಗಿಸುತ್ತಿತ್ತು. 2017ರ ಮಾರ್ಚಿಯಲ್ಲಿ ಕಾಂಬೋಡಿಯದ ಸರಕಾರ ಆ ರಫ್ತನ್ನು ನಿಷೇಧಿಸಿತು. ಡೆಟ್ರಾಯಿಟ್ ನಗರದ ಕರಿಯ ತಾಯಂದಿರಿಂದ ಹಾಲು ಕೊಳ್ಳಲು ಇನ್ನೊಂದು ಕಂಪೆನಿ ಹೊರಟಿತ್ತು. ಗುಲಾಮಗಿರಿಯ ದಿನಗಳಲ್ಲಿ ತಮ್ಮ ಅಜ್ಜಿಯರ ಹಾಲನ್ನು ಒಡೆಯರ ಮಕ್ಕಳಿಗೆ ಬಲಾತ್ಕಾರವಾಗಿ ಊಡಿಸಿದ್ದನ್ನು ಮರೆಯದ ಆ ಸ್ತ್ರೀಯರು ಪ್ರತಿಭಟಿಸಲು, 2015ರಲ್ಲಿ ಅದು ಹಿಂದೆಗೆಯಬೇಕಾಯಿತು. ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಎದೆಹಾಲನ್ನು ಸಂಸ್ಕರಿಸಿ ಮಾರುತ್ತಿದ್ದ ಕಂಪೆನಿಯೊಂದರ ಆಹಾರ ಪರವಾನಗಿ 2021ರಲ್ಲಿ ರದ್ದಾಯಿತು. ಅದೇ ವರ್ಷ ಅದು ಆಯುರ್ವೇದದ ಔಷಧವೆಂಬ ಹೆಸರಿನಲ್ಲಿ ಹೊಸ ಪರವಾನಗಿ ಪಡೆಯಿತು! 2022ರಲ್ಲಿ ಅದನ್ನೂ ರದ್ದು ಮಾಡಬೇಕಾಯಿತು. ಕೊನೆಗೆ 2024ರ ಮೇ 24ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಲ್ಲ ರಾಜ್ಯಗಳಿಗೂ ಬರೆದು, ಮನುಷ್ಯಹಾಲನ್ನು ಸಂಸ್ಕರಿಸಿ ಮಾರಲು ಕಾಯಿದೆಯಲ್ಲಿ ಅವಕಾಶವಿಲ್ಲವೆಂದು ಸಾರಿತು. ಒಳ್ಳೆಯದಾಯಿತು. ಆದರೆ ಅಂಗಡಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಆಸ್ಪತ್ರೆಯ ಬಾಗಿಲು ತೆರೆದಂತಾಗಲಿಲ್ಲ. ಹಣಕ್ಕೂ ಸಿಗದ, ಸರಕಾರದಿಂದಲೂ ಸಿಗದ ಹಾಲಿಗಾಗಿ ಜನ ಮೊಬೈಲಿನ ಗುಂಪುಗಳಿಗೆ ಹೋಗುತ್ತಾರೆ. ಹೋಗದೆ ಏನು ಮಾಡಿಯಾರು?

ರಕ್ತದ ವಿಷಯದಲ್ಲಿ ನಾವು ಈ ದಾರಿಯನ್ನು ಒಮ್ಮೆ ನಡೆದಿದ್ದೇವೆ. ಹೊಟ್ಟೆಗಿಲ್ಲದವರು ರಕ್ತ ಮಾರಿ ಬದುಕುತ್ತಿದ್ದ ಕಾಲವೊಂದಿತ್ತು. ಆ ರಕ್ತದ ಜೊತೆಗೆ ರೋಗವೂ ಮಾರಾಟವಾಗುತ್ತಿತ್ತು. 1996ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಬೇಕೆಂದು ತೀರ್ಪಿತ್ತಿತು. 1998ರ ಜನವರಿ 1ರಿಂದ ರಕ್ತದ ಮಾರಾಟ ನಿಷಿದ್ಧವಾಯಿತು. ಇಂದು ಪರೀಕ್ಷೆ ಮಾಡದ ನೆರೆಯವನ ರಕ್ತವನ್ನು ರೋಗಿಗೆ ಹಾಕುವ ವೈದ್ಯನಿಲ್ಲ. "ನಿನ್ನ ರಕ್ತ ಪರೀಕ್ಷಿಸುತ್ತೇವೆ" ಎಂದರೆ ಮುನಿಯುವ ದಾನಿಯೂ ಇಲ್ಲ. ರಕ್ತಕ್ಕೆ ಸಾಧ್ಯವಾದದ್ದು ಹಾಲಿಗೆ ಏಕೆ ಸಾಧ್ಯವಿಲ್ಲ?

ಸಾಧ್ಯವಿದೆ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಜಗತ್ತಿನ ಮೊದಲ ಹಾಲಿನ ಬ್ಯಾಂಕು 1909ರಲ್ಲಿ ವಿಯೆನ್ನಾದಲ್ಲಿ ತೆರೆಯಿತು. ಏಷ್ಯದ ಮೊದಲನೆಯದು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಶ್ರಮದಿಂದ ಆರಂಭವಾಯಿತು. ಅದು ಸಿರಿವಂತರ ಆಸ್ಪತ್ರೆಯಲ್ಲ. ನಗರಸಭೆಯ ಆಸ್ಪತ್ರೆ, ಧಾರಾವಿಯ ಬಡವರು ಹೆರಿಗೆಗೆ ಬರುವ ಜಾಗ. ಅಲ್ಲಿ ನಡೆಯುವ ಕೆಲಸದಲ್ಲಿ ಮಾಯೆಯೇನೂ ಇಲ್ಲ. ಕೊಡುವ ತಾಯಿಯ ಆರೋಗ್ಯ ವಿಚಾರಿಸಿ ರಕ್ತ ಪರೀಕ್ಷಿಸುತ್ತಾರೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಬೇಗನೆ ತಣಿಸುತ್ತಾರೆ. ರೋಗಾಣು ಉಳಿದಿಲ್ಲವೆಂದು ನೋಡಿಕೊಂಡು, ಹೆಪ್ಪುಗಟ್ಟಿಸಿ ಇಡುತ್ತಾರೆ. ವೈದ್ಯರ ಚೀಟಿಯ ಮೇಲೆ ಅಗತ್ಯವಿರುವ ಕೂಸಿಗೆ ಕೊಡುತ್ತಾರೆ.

ಬ್ರೆಜಿಲ್ ದೇಶ ಇನ್ನೂ ಮುಂದೆ ಹೋಗಿದೆ. 1985ರಿಂದೀಚೆಗೆ ಅಲ್ಲಿ ಸರಕಾರವೇ ಹಣದ ವ್ಯವಹಾರವನ್ನು ದೂರವಿಟ್ಟು, ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಅಂಗವಾಗಿ ಹಾಲಿನ ಬ್ಯಾಂಕುಗಳನ್ನು ಕಟ್ಟುತ್ತ ಬಂದಿದೆ. ಇಂದು ಅವುಗಳ ಸಂಖ್ಯೆ 200ಕ್ಕೂ ಹೆಚ್ಚು. ಮನೆಗಳಲ್ಲಿ ಬಳಸಿದ ಗಾಜಿನ ಶೀಸೆಗಳನ್ನೇ ಕುದಿಸಿ ಹಾಲಿಗೆ ಉಪಯೋಗಿಸುತ್ತಾರೆ. ಅನೇಕ ನಗರಗಳಲ್ಲಿ ಬೆಂಕಿ ಆರಿಸುವ ದಳದವರು ಮನೆಮನೆಗೆ ಹೋಗಿ ಹಾಲು ಸಂಗ್ರಹಿಸಿ ತರುತ್ತಾರೆ! ದುಬಾರಿ ಯಂತ್ರಗಳಿಗಾಗಿ ಕಾದು ಕೂರದೆ, ಇದ್ದ ಜನ, ಇದ್ದ ಶೀಸೆಗಳಿಂದ ಅವರು ಕೆಲಸ ಆರಂಭಿಸಿದರು.

ನಮ್ಮಲ್ಲಿ ಕಾಗದಕ್ಕೆ ಕೊರತೆಯಿಲ್ಲ. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸಾರ್ವಜನಿಕ ಆಸ್ಪತ್ರೆಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ದೊಡ್ಡ ಆಸ್ಪತ್ರೆಗಳಲ್ಲಿ ಹಾಲಿನ ಬ್ಯಾಂಕು, ಅದಕ್ಕಿಂತ ಚಿಕ್ಕವುಗಳಲ್ಲಿ ತಾಯಿಯ ಹಾಲನ್ನು ತೆಗೆದು ಅವಳ ಕೂಸಿಗಾಗಿಯೇ ಇಡುವ ಘಟಕ, ಹೆರಿಗೆ ನಡೆಯುವೆಡೆಯಲ್ಲೆಲ್ಲ ಹಾಲೂಡಿಸಲು ನೆರವು ಎಂದು ಮೂರು ಮೆಟ್ಟಿಲಿನ ಯೋಜನೆ ಅದರಲ್ಲಿದೆ. 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಸರಕಾರಿ ಹಾಲಿನ ಬ್ಯಾಂಕು ತೆರೆಯಿತು. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿಯೂ ಒಂದು ಅದೇ ವರ್ಷ ಬಂತು. ಸಂತೋಷ. ಆದರೆ 31 ಜಿಲ್ಲೆಗಳ ನಾಡಿನಲ್ಲಿ ಎಲ್ಲ ಜಿಲ್ಲೆಗಳಿಗೂ ಈ ಸೌಲಭ್ಯ ಇನ್ನೂ ಮುಟ್ಟಿಲ್ಲ. ದಿನ ತುಂಬದ ಕೂಸುಗಳು ರಾಜಧಾನಿಯಲ್ಲಿ ಮಾತ್ರ ಹುಟ್ಟುತ್ತವೆಯೆ? ಬ್ಯಾಂಕು ಇಲ್ಲದ ಜಿಲ್ಲೆಯಲ್ಲಿ ಪರೀಕ್ಷೆಯಿಲ್ಲದ ಹಾಲು ಕುಡಿದು ಒಂದು ಕೂಸಿಗೆ ಕೇಡಾದರೆ, ಆ ಪಾಪ ಹಾಲು ಕೊಟ್ಟ ಬಾಣಂತಿಯ ಮೇಲೆ ಬೀಳಬೇಕೆ? ತರಬೇಕಾದ ವ್ಯವಸ್ಥೆಯನ್ನು ತರದೆ ಇದ್ದವರ ಮೇಲೆಯೆ?

ವ್ಯವಸ್ಥೆ ಬರುವ ತನಕ ಕೂಸು ಕಾಯಲಾರದು, ನಿಜ. ಆದ್ದರಿಂದ ಈಗಿನಿಂದಲೇ ಪಾಲಿಸಬೇಕಾದ ಕೆಲವು ನಿಯಮಗಳನ್ನು ಹೇಳುವುದು ನಮ್ಮ ಕರ್ತವ್ಯ.

ಎಲ್ಲಕ್ಕೂ ಮೊದಲು ಹೆತ್ತವಳ ಹಾಲಿಗಾಗಿಯೇ ಪ್ರಯತ್ನಿಸಬೇಕು. ಹೆರಿಗೆಯ ಮರುದಿನವೇ "ಹಾಲಿಲ್ಲ" ಎಂದು ತೀರ್ಮಾನಿಸುವವರು ಬಹಳ. ಹಾಲು ತುಂಬಿ ಬರಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಅದಕ್ಕೂ ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಚೆಲ್ಲುವುದು ಮಹಾಪರಾಧ. ಕೂಸಿಗೆ ಅದೇ ಮೊದಲ ರಕ್ಷೆ. ಕೂಸು ಬೇರೆ ಕೋಣೆಯಲ್ಲಿದ್ದರೂ ತಾಯಿ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯಬೇಕು. ವೈದ್ಯರು ಒಪ್ಪಿದೊಡನೆ ಕೂಸನ್ನು ಎದೆಗವಚಿಕೊಳ್ಳಬೇಕು.

ಕೊಡುವವಳು ತನ್ನ ಕೂಸಿನ ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ಮಾತ್ರ ಕೊಡಲಿ. ಎಚ್.ಐ.ವಿ., ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಗಳ ಫಲಿತಾಂಶ ತನಗೆ ತಿಳಿದಿರಲಿ. ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತವಾಗಿ ನಡೆಯುತ್ತವೆ. ಗರ್ಭದ ಮೊದಲ ತಿಂಗಳುಗಳ ಫಲಿತಾಂಶ ಇಂದಿಗೆ ಸಾಲದು; ಮತ್ತೊಮ್ಮೆ ಮಾಡಿಸಬೇಕು. ಔಷಧ, ಹೊಗೆಸೊಪ್ಪು, ಮದ್ಯ ಯಾವುದಿದ್ದರೂ ಮುಚ್ಚಿಡಬಾರದು. ಜ್ವರ ಬಂದಾಗ, ಮೊಲೆ ಬಾತಾಗ ಕೊಡುವುದನ್ನು ನಿಲ್ಲಿಸಬೇಕು. "ಕೊಡಲಾರೆ" ಎಂದವಳನ್ನು "ಏಕೆ" ಎಂದು ಯಾರೂ ಕೆದಕಬಾರದು. ರೋಗ ಅವಳ ಸ್ವಂತ ವಿಷಯ. ಅದನ್ನು ಊರ ಮಾತಾಗಿ ಮಾಡುವವರು ಇನ್ನೊಬ್ಬಳು ಸುಳ್ಳು ಹೇಳುವಂತೆ ಮಾಡುತ್ತಾರೆ.

ಪಡೆಯುವವರು ಗುರುತಿಲ್ಲದವರ ಹಾಲನ್ನು ತರಬಾರದು; ಹಣ ಕೊಟ್ಟಂತೂ ಕೊಳ್ಳಲೇಬಾರದು. ಹತ್ತು ಜನರಿಂದ ತರುವುದಕ್ಕಿಂತ ಗುರುತಿರುವ ಒಬ್ಬಳಿಂದ ತರುವುದರಲ್ಲಿ ಅಪಾಯ ಕಡಿಮೆ. ಕುದಿಸಿದ ಗಾಜಿನ ಶೀಸೆ, ಸಾಬೂನಿನಿಂದ ತೊಳೆದ ಕೈ, ಶೀಸೆಯ ಮೇಲೆ ತಾರೀಖು ಮತ್ತು ಹೊತ್ತು, ತರುವಾಗ ಮಂಜುಗಡ್ಡೆ ಇವು ಇರಲೇಬೇಕು. ಹಾಲಿನ ಶೀಸೆಯನ್ನು ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ನೀರು ಚೆನ್ನಾಗಿ ಕುದಿ ಬಂದೊಡನೆ ಹೊರತೆಗೆದು ತಣಿಸುವ ವಿಧಾನವನ್ನು ಎಚ್.ಐ.ವಿ. ಸೋಂಕಿತ ತಾಯಂದಿರಿಗಾಗಿ ಸಂಶೋಧಕರು ರೂಪಿಸಿದ್ದಾರೆ. ಅದು ಆ ವೈರಸ್ಸನ್ನೂ ಬಹುಪಾಲು ರೋಗಾಣುಗಳನ್ನೂ ಕೊಲ್ಲುತ್ತದೆ. ಆದರೆ ಔಷಧ, ನಿಕೋಟಿನ್ನುಗಳನ್ನು ಯಾವ ಬೆಂಕಿಯೂ ತೆಗೆಯದು. ಕಾಯಿಸುವುದು ಪರೀಕ್ಷೆಗೆ ಬದಲಿಯಲ್ಲ. ಕುಡಿಸಲು ಬಾಟಲಿ ಬೇಡ; ನಮ್ಮ ಅಜ್ಜಿಯರ ಒಳಲೆಯನ್ನು ಕುದಿಸಿ ಬಳಸಿದರೆ ಸಾಕು. ದಿನ ತುಂಬದ ಅಥವಾ ಕಾಯಿಲೆಯ ಕೂಸಿಗೆ ಮಾತ್ರ ಹೊರಗಿನ ಹಾಲನ್ನು ವೈದ್ಯರ ಕಣ್ಣು ತಪ್ಪಿಸಿ ಕೊಡಲೇಬಾರದು. ಯಾವ ಕೂಸಿಗೆ ಈ ಹಾಲಿನ ಅಗತ್ಯ ಹೆಚ್ಚೋ ಅದೇ ಕೂಸಿಗೆ ಅಪಾಯವೂ ಹೆಚ್ಚು ಎಂಬ ಕಠಿಣ ಸತ್ಯವನ್ನು ಮರೆಯಬಾರದು. ಪುಡಿಹಾಲೂ ನಿರಪಾಯವಲ್ಲ, ಕೊಳಕು ನೀರಿನಲ್ಲಿ, ಉಳಿತಾಯಕ್ಕಾಗಿ ತೆಳ್ಳಗೆ ಕಲಸಿದ ಪುಡಿಹಾಲೂ ಕೂಸನ್ನು ಕೊಲ್ಲುತ್ತದೆ. ಯಾವುದು ಲೇಸು ಎಂಬುದನ್ನು ಆ ಕೂಸಿನ ಸ್ಥಿತಿ ನೋಡಿ ವೈದ್ಯರೊಡನೆ ತೀರ್ಮಾನಿಸಬೇಕು. ವೈದ್ಯರೂ ಗದರುವುದನ್ನು ಬಿಡಬೇಕು. ಗದರಿದರೆ ಜನ ಬಿಡುವುದಿಲ್ಲ, ಮುಚ್ಚಿಡುತ್ತಾರೆ.

ಮುಸಲ್ಮಾನ ಬಂಧುಗಳ ವಿಷಯದಲ್ಲಿ ಒಂದು ಮಾತು. ಒಬ್ಬಳ ಹಾಲು ಕುಡಿದವರು ಒಡಹುಟ್ಟಿದವರಿಗೆ ಸಮಾನರು, ಅವರಲ್ಲಿ ಮದುವೆ ಸಲ್ಲದು ಎಂಬುದು ಅವರ ಧರ್ಮದ ನಿಯಮ. ಬಾಂಗ್ಲಾದೇಶದಲ್ಲಿ 2019ರಲ್ಲಿ ಹಾಲಿನ ಬ್ಯಾಂಕಿನ ಯೋಜನೆ ಈ ಆಕ್ಷೇಪಣೆಯಿಂದಲೇ ನಿಂತಿತು. ಇದನ್ನು ಹಾಸ್ಯ ಮಾಡುವವರು ಅವಿವೇಕಿಗಳು. ಯಾರ ಹಾಲು ಯಾರಿಗೆ ಹೋಯಿತೆಂಬ ಲೆಕ್ಕ ವೈದ್ಯರಿಗೂ ಬೇಕಾದದ್ದೇ. ಆ ಪುಸ್ತಕವನ್ನು ಸರಿಯಾಗಿ ಇಟ್ಟು, ಕೇಳಿದ ಮನೆಗೆ ತಿಳಿಸುವ ಏರ್ಪಾಡು ಮಾಡಿದರೆ ಧರ್ಮಕ್ಕೂ ವಿಜ್ಞಾನಕ್ಕೂ ಇಲ್ಲಿ ಜಗಳವಿಲ್ಲ.

ಕಡೆಯದಾಗಿ, ತಾಯಿಗೆ ಹಾಲಿಲ್ಲದಿರುವುದಕ್ಕೆ ಮೈಯಷ್ಟೇ ಕಾರಣವಲ್ಲ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದರು. ಐವತ್ತು ಜನ ದುಡಿಯುವ ಸಂಸ್ಥೆಗೆ ಶಿಶುವಿಹಾರ ಕಡ್ಡಾಯವೆಂದರು. ಗದ್ದೆಯಲ್ಲಿ, ಕಾಫಿತೋಟದಲ್ಲಿ, ಕಟ್ಟಡದ ಕೆಲಸದಲ್ಲಿ ದಿನಗೂಲಿ ಮಾಡುವವಳಿಗೆ ಈ ಕಾಯಿದೆ ಎಲ್ಲಿ ಸಿಕ್ಕಿತು? ಕನಿಷ್ಠ 6,000 ರೂಪಾಯಿ ಕೊಡುವುದಾಗಿ 2013ರ ಆಹಾರ ಭದ್ರತಾ ಕಾಯಿದೆ ಮಾತು ಕೊಟ್ಟಿತು. 2017ರಲ್ಲಿ ಬಂದ ಯೋಜನೆ ಮೊದಲ ಮಗುವಿಗೆ 5,000 ಎಂದಿತು. ಬಾಣಂತನ ಮುಗಿಯುವ ಮೊದಲೇ ಕೂಲಿಗೆ ಹೋದವಳ ಎದೆಯಲ್ಲಿ ಹಾಲು ಬತ್ತಿದರೆ ಅದನ್ನು ವಿಧಿಯೆಂದು ಕರೆಯಲು ನಾವು ಒಪ್ಪುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು: ಹಾಲಿನ ಬ್ಯಾಂಕು ಇಲ್ಲದ ಪ್ರತಿಯೊಂದು ಜಿಲ್ಲೆಯ ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ತೆರೆಯಬೇಕು, ತಾಲ್ಲೂಕು ಆಸ್ಪತ್ರೆಗಳಿಂದ ಮಂಜುಪೆಟ್ಟಿಗೆಯಲ್ಲಿ ಹಾಲು ತಂದು ಕೊಡುವ ಏರ್ಪಾಡಾಗಬೇಕು. ಕೊಡಬಯಸುವ ತಾಯಂದಿರಿಗೆ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿಯೂ ಉಚಿತವಾಗಿ, ಗುಟ್ಟಾಗಿ ಪರೀಕ್ಷೆ ನಡೆಯಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಕೆಲಸ ಹೊರಿಸುವುದಾದರೆ ಅದಕ್ಕೆ ಪ್ರತ್ಯೇಕ ಸಂಬಳ ಕೊಡಬೇಕು. ಹೆಂಗಸರ ಸೇವೆಯನ್ನು ಬಿಟ್ಟಿ ಪಡೆಯುವ ಚಾಳಿ ಇನ್ನು ಸಾಕು. ಕೂಲಿ ತಾಯಿಗೆ ಆರು ತಿಂಗಳ ವೇತನ ಸಿಗಬೇಕು. ಯಾವ ಹೆಸರಿನಲ್ಲಿಯೇ ಆಗಲಿ ಎದೆಹಾಲಿನ ಮಾರಾಟಕ್ಕೆ ಪರವಾನಗಿ ಕೊಡಕೂಡದು.

ಲೋಹಿಯಾ ಅವರು ಹೆಂಗಸಿನ ಒಲೆಯ ಹೊಗೆ, ಪಾಯಿಖಾನೆಗಳ ಪ್ರಶ್ನೆಯನ್ನು ಎತ್ತಿದಾಗ ಇದು ರಾಜಕೀಯವೆ ಎಂದು ನಕ್ಕವರಿದ್ದರು. ಎದೆಹಾಲಿನ ಪ್ರಶ್ನೆಗೂ ನಗುವವರಿರಬಹುದು. ನಗಲಿ. ಮುಂದಿನ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ, ಆಸ್ಪತ್ರೆಯ ಸಮಿತಿಯಲ್ಲಿ ಈ ಬೇಡಿಕೆಗಳನ್ನು ನಮ್ಮ ಸಂಗಾತಿಗಳು ಎತ್ತಬೇಕು. ಮಹಿಳಾ ಸಂಘಗಳು ಅರ್ಜಿ ಬರೆದು ಸಹಿ ಕೂಡಿಸಬೇಕು. ಕೊಡುವ ಮನಸ್ಸು ನಮ್ಮ ಹೆಣ್ಣುಮಕ್ಕಳಲ್ಲಿ ಮೊದಲಿನಿಂದ ಇದೆ. ಆ ಮನಸ್ಸಿಗೆ ಬೇಕಾದ ಪರೀಕ್ಷೆಯ ಕೋಣೆಯನ್ನೂ ಮಂಜುಪೆಟ್ಟಿಗೆಯನ್ನೂ ಕೊಡುವುದು ಸರಕಾರದ ಪಾಲಿನ ಕೆಲಸ. ಅದನ್ನು ಕೇಳಿ ಪಡೆಯುವುದು ನಮ್ಮ ಪಾಲಿನದು.